ಕರಗದ ಮದ್ದು, ಕಾಣದ ವಾಹನ

ಇಂದಿನ ವಿಷಯಕ್ಕೆ ಬರುವ ಮೊದಲು ನೀವೊಂದು ಸಣ್ಣ ಪ್ರಯೋಗ ಮಾಡಬೇಕು. ಇದಕ್ಕೆ ಪ್ರಯೋಗಶಾಲೆ ಬೇಡ, ಅಡುಗೆಮನೆ ಸಾಕು. ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದಕ್ಕೆ ನೀರು ತುಂಬಿ, ಇನ್ನೊಂದಕ್ಕೆ ಸ್ವಲ್ಪ ಅಡುಗೆ ಎಣ್ಣೆ ಹಾಕಿ. ಎರಡಕ್ಕೂ ಒಂದೊಂದು ಚಿಟಿಕೆ ಅರಿಶಿನ ಹಾಕಿ ಚೆನ್ನಾಗಿ ಕದಡಿ. ಒಂದೆರಡು ಗಂಟೆ ಅಲುಗಾಡಿಸದೆ ಬಿಡಿ. ನೀರಿನ ಲೋಟದಲ್ಲಿ ಪುಡಿ ತಳ ಸೇರುತ್ತದೆ. ಮೇಲಿನ ನೀರಿಗೆ ತೆಳುವಾದ ಬಣ್ಣ ಮಾತ್ರ ಉಳಿಯುತ್ತದೆ. ಎಣ್ಣೆಯ ಲೋಟದಲ್ಲೂ ಪುಡಿ ತಳಕ್ಕಿಳಿಯುತ್ತದೆ, ಆದರೆ ಎಣ್ಣೆಯೇ ಹಳದಿಯಾಗಿರುತ್ತದೆ.

ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ಅಣುವಿಗೆ ನೀರೆಂದರೆ ಆಗದು, ಎಣ್ಣೆಯೆಂದರೆ ಒಲವು. ಪ್ರಕೃತಿಯಲ್ಲಿ ಇಂಥ ಅಣುಗಳು ಬಹಳ. ಕ್ಯಾನ್ಸರಿನ ವಿರುದ್ಧ ಬಳಸುವ ಕೆಲವು ಶಕ್ತಿಯುತ ಔಷಧಗಳೂ ಇದೇ ಗುಂಪಿಗೆ ಸೇರಿದವು. ಔಷಧವೇನೋ ಸಿಕ್ಕಿದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳನ್ನು ಅದು ಕೊಲ್ಲುತ್ತದೆಂಬುದೂ ಗೊತ್ತಾಗಿದೆ. ಆದರೆ ನೀರಿನಲ್ಲಿ ಕರಗದ ಅದನ್ನು ರೋಗಿಯ ರಕ್ತಕ್ಕೆ ಸೇರಿಸುವುದು ಹೇಗೆ? ಇಂದು ನಾವು ಯೋಚಿಸಬೇಕಾದ ಪ್ರಶ್ನೆ ಇದು.

ನಮ್ಮ ರಕ್ತದ ದ್ರವ ಭಾಗವಾದ ಪ್ಲಾಸ್ಮಾದಲ್ಲಿ ಶೇಕಡ 90ರಷ್ಟು ನೀರೇ ಇದೆ. ಕರಗದ ಪುಡಿಯನ್ನು ಹಾಗೆಯೇ ರಕ್ತನಾಳಕ್ಕೆ ಚುಚ್ಚಿದರೆ ಅದರ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟುಗಳಾಗುತ್ತವೆ. ನಮ್ಮ ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳ ಅಗಲ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಗಂಟುಗಳು ಅಲ್ಲಿ ಸಿಕ್ಕಿಕೊಂಡರೆ, ಅದರಲ್ಲೂ ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ, ಪ್ರಾಣಕ್ಕೇ ಅಪಾಯ. ‘ಹಾಗಿದ್ದರೆ ಮಾತ್ರೆ ಮಾಡಿ ನುಂಗಿಸಬಹುದಲ್ಲ?’ ಎಂದು ನೀವು ಕೇಳಬಹುದು. ನುಂಗಿದ ಔಷಧವೂ ಕರುಳಿನ ರಸದಲ್ಲಿ ಕರಗಿದ ಮೇಲೆಯೇ ರಕ್ತವನ್ನು ಸೇರಬೇಕು. ಕರಗದಿದ್ದರೆ ಅದರಲ್ಲಿ ಬಹುಪಾಲು ವ್ಯರ್ಥವಾಗಿ ಹೊರಗೆ ಹೋಗುತ್ತದೆ.

ಇಂಥ ಔಷಧಗಳನ್ನು ಬಿಟ್ಟು ನೀರಿನಲ್ಲಿ ಕರಗುವ ಬೇರೆಯವನ್ನು ಹುಡುಕಬಾರದೇಕೆ? ಇಲ್ಲೊಂದು ಇಕ್ಕಟ್ಟಿದೆ. ಪ್ರತಿಯೊಂದು ಜೀವಕೋಶದ ಸುತ್ತ ಕೊಬ್ಬಿನಂಥ ವಸ್ತುವಿನ ತೆಳುವಾದ ಪೊರೆಯಿದೆ. ಔಷಧ ಒಳಗೆ ಹೋಗಬೇಕಾದರೆ ಸಾಮಾನ್ಯವಾಗಿ ಆ ಪೊರೆಯನ್ನು ದಾಟಬೇಕು. ದಾಟಲು ಕೊಬ್ಬಿನೊಡನೆ ಸ್ನೇಹ ಬೇಕು. ಪೊರೆಯ ಬಳಿಗೆ ಬರಲು ನೀರಿನೊಡನೆ ಸ್ನೇಹ ಬೇಕು. ಎರಡೂ ಒಂದೇ ಅಣುವಿನಲ್ಲಿ ಹದವಾಗಿ ಕೂಡಿಬರುವುದು ಅಪರೂಪ.

ಇದು ಎಷ್ಟು ದೊಡ್ಡ ತೊಡಕು ಎಂಬುದನ್ನು ಎರಡು ಮರಗಳ ಕಥೆಯಿಂದ ತಿಳಿಯೋಣ. ಎರಡೂ ಕಥೆಗಳು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಒಂದೇ ಪ್ರಯೋಗಶಾಲೆಯಿಂದ ಬಂದವು. ಅಲ್ಲಿ ಮನ್ರೋ ವಾಲ್ ಎಂಬ ರಸಾಯನ ವಿಜ್ಞಾನಿಯ ಜೊತೆ ಕೆಲಸ ಮಾಡಿದವರು ಮನ್ಸುಖ್ ವಾಣಿ. ವಾಣಿಯವರು ಮಹಾರಾಷ್ಟ್ರದ ನಂದೂರ್‌ಬಾರ್‌ನಲ್ಲಿ 1925ರಲ್ಲಿ ಹುಟ್ಟಿ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿ, ಆಮೇಲೆ ಅಮೆರಿಕಕ್ಕೆ ಹೋದವರು.

ಮೊದಲನೆಯದು ಚೀನಾ ಮೂಲದ ಕ್ಯಾಂಪ್ಟೊತೀಕ ಎಂಬ ಮರ. ಇದರಿಂದ ವಾಲ್ ಮತ್ತು ವಾಣಿ ಬೇರ್ಪಡಿಸಿದ ಕ್ಯಾಂಪ್ಟೊತೆಸಿನ್ ಎಂಬ ವಸ್ತುವಿನ ವಿವರ 1966ರಲ್ಲಿ ಪ್ರಕಟವಾಯಿತು. ಇದೇ ವಸ್ತು ನಮ್ಮ ಪಶ್ಚಿಮ ಘಟ್ಟದ ಕಾಡುಗಳ ಒಂದು ಸಣ್ಣ ಮರದಲ್ಲೂ ಇದೆಯೆಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಎಂಬ ಭಾರತೀಯ ರಸಾಯನ ವಿಜ್ಞಾನಿಗಳು ತೋರಿಸಿಕೊಟ್ಟರು. ಆ ಮರಕ್ಕೆ ನಮ್ಮವರು ಇಟ್ಟ ಹೆಸರು ‘ದುರ್ವಾಸನೆ ಮರ’. ಹೆಸರು ಕೇಳಿದರೆ ಮೂಗು ಮುಚ್ಚಿಕೊಳ್ಳಬೇಕೆನಿಸುತ್ತದೆ. ಆದರೆ ಅದರೊಳಗಿರುವುದು ಕ್ಯಾನ್ಸರ್ ಚಿಕಿತ್ಸೆಯ ಒಂದು ಮುಖ್ಯ ವಂಶದ ಮೂಲ ಅಣು.

ಕ್ಯಾಂಪ್ಟೊತೆಸಿನ್ ನೀರಿನಲ್ಲಿ ಕರಗುವುದಿಲ್ಲ. ಆಗ ರಸಾಯನ ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಆ ಅಣುವಿನ ಒಂದು ತುದಿಯಲ್ಲಿ ಉಂಗುರದಂಥ ರಚನೆಯಿದೆ. ಕ್ಷಾರವನ್ನು ಸೇರಿಸಿದರೆ ಉಂಗುರ ಬಿಚ್ಚಿಕೊಂಡು ಸೋಡಿಯಂ ಲವಣವಾಗುತ್ತದೆ. ಲವಣ ನೀರಿನಲ್ಲಿ ಕರಗುತ್ತದೆ. 1970ರ ದಶಕದ ಆರಂಭದಲ್ಲಿ ಇದನ್ನು ರೋಗಿಗಳಿಗೆ ಕೊಟ್ಟು ನೋಡಲಾಯಿತು. ಪರಿಣಾಮ ಖೇದಕರವಾಗಿತ್ತು. ಉಂಗುರ ಬಿಚ್ಚಿದ ಅಣುವಿಗೆ ಕ್ಯಾನ್ಸರನ್ನು ಎದುರಿಸುವ ಶಕ್ತಿ ತೀರಾ ಕಡಿಮೆ. ಅಷ್ಟೇ ಅಲ್ಲ, ಅದು ಮೂತ್ರಕೋಶಕ್ಕೆ ಬಂದಾಗ ಅಲ್ಲಿನ ಆಮ್ಲತೆಯಿಂದ ಉಂಗುರ ಮತ್ತೆ ಕೂಡಿಕೊಂಡು, ಬೇಡವಾದ ಜಾಗದಲ್ಲಿ ಪೂರ್ಣ ಶಕ್ತಿ ಪಡೆಯಿತು. ರೋಗಿಗಳ ಮೂತ್ರಕೋಶ ಉರಿದು ರಕ್ತ ಬಂತು. ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಗಮನಿಸಿ: ಇಲ್ಲಿ ಸೋತದ್ದು ಔಷಧವಲ್ಲ, ಔಷಧವನ್ನು ಸಾಗಿಸಿದ ರೀತಿ.

ಎರಡನೆಯದು ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರ. ಇದರ ತೊಗಟೆಯನ್ನು 1962ರಲ್ಲಿ ಸಂಗ್ರಹಿಸಲಾಯಿತು. ಅದರೊಳಗಿನ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಅಣುವಿನ ರಚನೆಯನ್ನು ವಾಣಿ, ವಾಲ್ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದರು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು 1979ರಲ್ಲಿ ಸೂಸನ್ ಹಾರ್ವಿಟ್ಜ್ ಅವರ ತಂಡ ಕಂಡುಹಿಡಿಯಿತು. ಜೀವಕೋಶ ಎರಡಾಗುವಾಗ ಒಳಗೆ ಸಣ್ಣ ಕೊಳವೆಗಳ ಅಟ್ಟಣಿಗೆ ಕಟ್ಟಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಆ ಅಟ್ಟಣಿಗೆಯನ್ನು ಬಿಚ್ಚಲು ಬಿಡುವುದಿಲ್ಲ. ಜೀವಕೋಶ ನಡುದಾರಿಯಲ್ಲಿ ಸಿಕ್ಕಿಕೊಂಡು ಸಾಯುತ್ತದೆ. 1992ರಲ್ಲಿ ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರಿಗೆ, 1994ರಲ್ಲಿ ಸ್ತನ ಕ್ಯಾನ್ಸರಿಗೆ ಇದನ್ನು ಬಳಸಲು ಅನುಮತಿ ಸಿಕ್ಕಿತು.

ತೊಗಟೆ ಸಂಗ್ರಹವಾದದ್ದರಿಂದ ಅನುಮತಿಯವರೆಗೆ ಮೂವತ್ತು ವರ್ಷ! ಇದಕ್ಕೆ ಕಾರಣಗಳು ಹಲವು. ಕರಗದಿರುವುದು ಅವುಗಳಲ್ಲಿ ಮುಖ್ಯವಾದುದು. ಒಂದು ಲೀಟರ್ ನೀರಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಕರಗುವುದು ಒಂದು ಮಿಲಿಗ್ರಾಂನ ಆಸುಪಾಸಿನಲ್ಲಿ ಮಾತ್ರ. ಒಬ್ಬ ವಯಸ್ಕ ರೋಗಿಗೆ ಒಂದು ಸಲಕ್ಕೆ ಸುಮಾರು 280 ಮಿಲಿಗ್ರಾಂ ಬೇಕೆಂದುಕೊಳ್ಳಿ. ಬರೀ ನೀರಿನಲ್ಲಿ ಕರಗಿಸಿ ಕೊಡಲು ಹೊರಟರೆ ನೂರಾರು ಲೀಟರ್ ಬೇಕು. ಮನುಷ್ಯನ ಮೈಯಲ್ಲಿರುವ ರಕ್ತ ಐದು ಲೀಟರ್.

ಕೊನೆಗೆ ನೆರವಿಗೆ ಬಂದದ್ದು ನಮ್ಮ ಅಜ್ಜಿಯರ ಹರಳೆಣ್ಣೆಯ ಸಂಬಂಧಿ. ಹರಳೆಣ್ಣೆಯನ್ನು ರಾಸಾಯನಿಕವಾಗಿ ಮಾರ್ಪಡಿಸಿ ತಯಾರಿಸಿದ ಕ್ರೆಮೊಫೋರ್ ಎಂಬ ವಸ್ತು ಸಾಬೂನಿನಂತೆ ವರ್ತಿಸುತ್ತದೆ. ನೀರಿನೊಡನೆಯೂ ಕೊಬ್ಬಿನೊಡನೆಯೂ ಹೊಂದಿಕೊಳ್ಳುತ್ತದೆ. ಇದನ್ನು ಆಲ್ಕೊಹಾಲಿನ ಜೊತೆ ಬೆರೆಸಿ ಅದರಲ್ಲಿ ಔಷಧವನ್ನು ಕರಗಿಸಿದರು. ಒಂದು ಮಿಲಿಲೀಟರಿನಲ್ಲಿ ಔಷಧ 6 ಮಿಲಿಗ್ರಾಂ, ಕ್ರೆಮೊಫೋರ್ 527 ಮಿಲಿಗ್ರಾಂ. ಭಾಗಿಸಿ ನೋಡಿ. ಔಷಧಕ್ಕಿಂತ ಅದರ ವಾಹಕವೇ ಸುಮಾರು 88 ಪಟ್ಟು ಹೆಚ್ಚು! 280 ಮಿಲಿಗ್ರಾಂ ಔಷಧ ಪಡೆಯುವ ರೋಗಿಯ ರಕ್ತಕ್ಕೆ ಸುಮಾರು 25 ಗ್ರಾಂ ಕ್ರೆಮೊಫೋರ್ ಕೂಡ ಹೋಗುತ್ತದೆ.

ಈ ವಾಹಕ ನಿರುಪದ್ರವಿಯಲ್ಲ. ಆರಂಭದ ದಿನಗಳಲ್ಲಿ ಅನೇಕ ರೋಗಿಗಳಿಗೆ ಚುಚ್ಚುಮದ್ದು ಹರಿಯತೊಡಗಿದ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿತು, ರಕ್ತದೊತ್ತಡ ಕುಸಿಯಿತು. ಅದಕ್ಕಾಗಿ ಈಗಲೂ ಸ್ಟೀರಾಯ್ಡ್ ಮತ್ತು ಅಲರ್ಜಿ ತಡೆಯುವ ಮದ್ದುಗಳನ್ನು ಮೊದಲೇ ಕೊಟ್ಟು, ಗಂಟೆಗಟ್ಟಲೆ ನಿಧಾನವಾಗಿ ಹರಿಸುತ್ತಾರೆ. ಸಾಮಾನ್ಯ ಪಿವಿಸಿ ಕೊಳವೆಗಳನ್ನೂ ಬಳಸುವಂತಿಲ್ಲ. ಪ್ಲಾಸ್ಟಿಕ್ಕನ್ನು ಮೆತುವಾಗಿಸಲು ಸೇರಿಸಿದ ರಾಸಾಯನಿಕವನ್ನು ಕ್ರೆಮೊಫೋರ್ ಹೊರಗೆಳೆದು ರಕ್ತಕ್ಕೆ ಸೇರಿಸುತ್ತದೆ. ಕ್ಯಾನ್ಸರಿನಿಂದ ಮೊದಲೇ ಬಳಲಿದ ಜೀವಕ್ಕೆ ಔಷಧದ ಕಷ್ಟದ ಜೊತೆ ವಾಹಕದ ಕಷ್ಟವೂ ಬೇಕೆ? ಮೈಯೊಡನೆ ಇನ್ನಷ್ಟು ಹೊಂದಿಕೊಳ್ಳುವ ವಾಹಕವಿಲ್ಲವೆ? ಈ ಹುಡುಕಾಟದಲ್ಲಿ ವಿಜ್ಞಾನಿಗಳ ಕಣ್ಣು ಬಿದ್ದದ್ದು ಲೈಪೋಸೋಮ್ ಮೇಲೆ.

ಲೈಪೋಸೋಮನ್ನು ಕ್ಯಾನ್ಸರಿಗಾಗಿ ಯಾರೂ ಹುಡುಕಿರಲಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಾಮ್ ಎಂಬ ಹಳ್ಳಿಯಲ್ಲಿ ಪ್ರಾಣಿಗಳ ಶರೀರಕ್ರಿಯೆಯನ್ನು ಅಧ್ಯಯನ ಮಾಡುವ ಸಂಸ್ಥೆಯೊಂದಿತ್ತು. 1960ರ ದಶಕದ ಆರಂಭದಲ್ಲಿ ಅಲ್ಲಿನ ಅಲೆಕ್ ಬ್ಯಾಂಗಮ್ ರಕ್ತ ಹೆಪ್ಪುಗಟ್ಟುವುದರ ಬಗ್ಗೆ ಕೆಲಸ ಮಾಡುತ್ತಿದ್ದರು. ಜೀವಕೋಶದ ಪೊರೆಯಲ್ಲಿರುವ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ವಸ್ತುವನ್ನು ನೀರಿನಲ್ಲಿ ನೆನೆಸಿ, ಹಾರ್ನ್ ಎಂಬ ಸಹೋದ್ಯೋಗಿಯೊಡನೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾದ ಮುಚ್ಚಿದ ಚೀಲಗಳು ಕಾಣಿಸಿದವು. ಆ ಚಿತ್ರಗಳು 1964ರಲ್ಲಿ ಪ್ರಕಟವಾದವು. ಯಾರೂ ಹೊಲಿಯದ, ಯಾರೂ ಅಂಟಿಸದ ಚೀಲಗಳು ಅವು. ಆಮೇಲೆ ಅವಕ್ಕೆ ಲೈಪೋಸೋಮ್ ಎಂಬ ಹೆಸರು ನಿಂತಿತು. ಗ್ರೀಕ್ ಭಾಷೆಯಲ್ಲಿ ಲೈಪೋಸ್ ಎಂದರೆ ಕೊಬ್ಬು, ಸೋಮ ಎಂದರೆ ದೇಹ.

ಅವು ತಾವಾಗಿಯೇ ಚೀಲವಾಗುವುದು ಹೇಗೆ? ಫಾಸ್ಫೋಲಿಪಿಡ್ ಅಣುವಿಗೆ ಒಂದು ತಲೆ, ಎರಡು ಬಾಲ ಇವೆಯೆಂದು ಕಲ್ಪಿಸಿಕೊಳ್ಳಿ. ತಲೆಗೆ ನೀರು ಇಷ್ಟ, ಬಾಲಗಳಿಗೆ ನೀರು ಆಗದು. ಇಂಥ ಲಕ್ಷಾಂತರ ಅಣುಗಳನ್ನು ನೀರಿಗೆ ಬಿಟ್ಟರೆ ಅವು ಎರಡು ಸಾಲಾಗಿ ನಿಲ್ಲುತ್ತವೆ. ಬಾಲಗಳೆಲ್ಲ ನಡುವೆ, ತಲೆಗಳೆಲ್ಲ ಹೊರಮೈಯಲ್ಲಿ. ಊಟಕ್ಕೆ ಎದುರು ಬದುರಾಗಿ ಎರಡು ಪಂಕ್ತಿ ಕೂತು ಕಾಲುಗಳನ್ನು ನಡುವೆ ಚಾಚಿದಂತೆ! ಆದರೂ ಈ ಹಾಳೆಯ ಅಂಚಿನಲ್ಲಿರುವ ಬಾಲಗಳಿಗೆ ನೀರು ತಗಲುತ್ತಲೇ ಇರುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಹಾಳೆ ಬಾಗಿ, ಅಂಚಿಗೆ ಅಂಚು ಕೂಡಿ ಚೆಂಡಾಗುತ್ತದೆ. ಒಳಗೆ ನೀರು, ಹೊರಗೆ ನೀರು, ನಡುವೆ ಕೊಬ್ಬಿನ ಇಮ್ಮಡಿ ಪದರದ ಗೋಡೆ. ನಮ್ಮ ಜೀವಕೋಶದ ಪೊರೆಯ ಮೂಲ ಕಟ್ಟಡವೂ ಇದೇ. ಕೋಳಿಮೊಟ್ಟೆಯ ಹಳದಿಯಲ್ಲಿ, ಸೋಯಾ ಅವರೆಯಲ್ಲಿ ಈ ಫಾಸ್ಫೋಲಿಪಿಡ್ ಧಾರಾಳವಾಗಿದೆ. ಆದ್ದರಿಂದ ಮೈಗೆ ಅದು ಪರಿಚಿತ ವಸ್ತು.

ಟೆಲಿವಿಷನ್ ಕಾರ್ಯಕ್ರಮ ಮಾಡುವ ನನ್ನಂಥವನಿಗೆ ಇಲ್ಲೊಂದು ಕಷ್ಟವಿದೆ. ಇದನ್ನು ತೆರೆಯ ಮೇಲೆ ತೋರಿಸುವುದು ಹೇಗೆ? ಔಷಧ ಸಾಗಿಸುವ ಲೈಪೋಸೋಮಿನ ಅಡ್ಡಳತೆ ಸುಮಾರು 100 ನ್ಯಾನೋಮೀಟರ್. ಒಂದು ತಲೆಗೂದಲಿನ ದಪ್ಪಕ್ಕೆ ಸಾವಿರದಷ್ಟನ್ನು ಸಾಲಾಗಿ ಜೋಡಿಸಬಹುದು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೋಮೀಟರ್. ವಸ್ತು ಬೆಳಕಿನ ಅಲೆಗಿಂತ ಇಷ್ಟು ಚಿಕ್ಕದಾದರೆ ಎಂಥ ಮಸೂರ ಹಾಕಿದರೂ ಕ್ಯಾಮರಾ ಅದರ ಆಕಾರವನ್ನು ಹಿಡಿಯಲಾರದು. ಆದ್ದರಿಂದಲೇ ಬ್ಯಾಂಗಮ್ ಅವರಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಾಯಿತು. ನೀವು ಪರದೆಯಲ್ಲಿ ನೋಡುವ ಬಣ್ಣಬಣ್ಣದ ಲೈಪೋಸೋಮುಗಳೆಲ್ಲ ಚಿತ್ರಕಾರರು ಬರೆದವು ಎಂಬುದು ನೆನಪಿರಲಿ.

ಈ ಚೀಲದಲ್ಲಿ ಔಷಧ ಇಡಲು ಎರಡು ಜಾಗಗಳಿವೆ. ನೀರಿನಲ್ಲಿ ಕರಗುವ ಔಷಧಕ್ಕೆ ಒಳಗಿನ ನೀರು, ಕರಗದ ಔಷಧಕ್ಕೆ ಕೊಬ್ಬಿನ ಗೋಡೆ. ಪ್ರಯೋಗಶಾಲೆಯಲ್ಲಿ ಇದನ್ನು ಮಾಡುವ ಹಳೆಯ ವಿಧಾನ ಸರಳ. ಫಾಸ್ಫೋಲಿಪಿಡನ್ನೂ ಔಷಧವನ್ನೂ ಒಟ್ಟಿಗೆ ಒಂದು ದ್ರಾವಕದಲ್ಲಿ ಕರಗಿಸಿ ದುಂಡು ಗಾಜಿನ ಪಾತ್ರೆಗೆ ಹಾಕುತ್ತಾರೆ. ಪಾತ್ರೆಯನ್ನು ತಿರುಗಿಸುತ್ತಾ ದ್ರಾವಕವನ್ನು ಆವಿಯಾಗಿಸಿದರೆ ದೋಸೆಕಲ್ಲಿಗೆ ಎಣ್ಣೆ ಸವರಿದಂತೆ ತೆಳುವಾದ ಪದರ ಗಾಜಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ನೀರು ಹಾಕಿ ಅಲುಗಾಡಿಸಿದರೆ ಪದರ ಉಬ್ಬಿ, ಬಿಟ್ಟು, ಚೀಲಗಳಾಗುತ್ತದೆ. ಅವನ್ನು ಅತಿ ಸಣ್ಣ ರಂಧ್ರಗಳ ಸೋಸುಹಾಳೆಯ ಮೂಲಕ ಒತ್ತಿ ಒಂದೇ ಅಳತೆಗೆ ತರುತ್ತಾರೆ. ಕರಗದ ಔಷಧ ಗೋಡೆಯ ಬಾಲಗಳ ನಡುವೆ ಹುದುಗಿರುತ್ತದೆ. ಹೊರಗಿನಿಂದ ನೋಡಿದರೆ ನೀರಿಗೆ ಕಾಣುವುದು ತನಗೆ ಇಷ್ಟವಾದ ತಲೆಗಳು ಮಾತ್ರ.

ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಗೋಡೆ ತೆಳುವಾದದ್ದು, ನಾಲ್ಕೈದು ನ್ಯಾನೋಮೀಟರ್ ಅಷ್ಟೆ. ಪ್ಯಾಕ್ಲಿಟ್ಯಾಕ್ಸೆಲ್ ದೊಡ್ಡ, ಬಿರುಸಾದ ಅಣು. ನೂರು ಫಾಸ್ಫೋಲಿಪಿಡ್ ಅಣುಗಳ ನಡುವೆ ಮೂರು ನಾಲ್ಕಕ್ಕಿಂತ ಹೆಚ್ಚು ತುರುಕಿದರೆ ಅದು ಹೊರಬಂದು ಹರಳುಗಟ್ಟತೊಡಗುತ್ತದೆ. ಆದರೂ ಪ್ರಯತ್ನ ನಿಲ್ಲಲಿಲ್ಲ. ಚೀನಾದಲ್ಲಿ 2003ರಿಂದ ಪ್ಯಾಕ್ಲಿಟ್ಯಾಕ್ಸೆಲಿನ ಲೈಪೋಸೋಮ್ ರೂಪ ಬಳಕೆಯಲ್ಲಿದೆ. ಅದರಲ್ಲಿ ಕ್ರೆಮೊಫೋರ್ ಇಲ್ಲ. ಅಮೆರಿಕದಲ್ಲಿ ಬೇರೆ ದಾರಿ ಹಿಡಿದರು. ನಮ್ಮ ರಕ್ತದಲ್ಲೇ ಇರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಔಷಧವನ್ನು ಅಂಟಿಸಿದ ರೂಪಕ್ಕೆ ಅಲ್ಲಿ 2005ರಲ್ಲಿ ಅನುಮತಿ ದೊರೆಯಿತು. ಅದರಲ್ಲೂ ಕ್ರೆಮೊಫೋರ್ ಇಲ್ಲ. ಒಂದು ತೊಡಕಿಗೆ ಒಂದೇ ಪರಿಹಾರವೆಂದು ವಿಜ್ಞಾನ ಎಂದೂ ಹೇಳುವುದಿಲ್ಲ.

ಗೋಡೆಯಲ್ಲಿ ಜಾಗ ಸಾಲದು ಎಂದಾದಾಗ ಒಳಗಿನ ನೀರಿನಲ್ಲೇ ಔಷಧವನ್ನು ಹಿಡಿದಿಡುವ ಒಂದು ಜಾಣ ಉಪಾಯ ಹುಟ್ಟಿತು. ಇದರ ಹಿಂದೆ ಇದ್ದವರು ಜೆರುಸಲೇಮಿನ ಬಾರೆನ್‌ಹೋಲ್ಜ್ ಮತ್ತು ಗಾಬಿಝಾನ್. ಅವರು ಆರಿಸಿಕೊಂಡದ್ದು ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧ. ಅದು ನೀರಿನಲ್ಲಿ ಕರಗುತ್ತದೆ, ಆದರೆ ಹೃದಯದ ಸ್ನಾಯುವಿಗೆ ಹಾನಿ ಮಾಡುತ್ತದೆ. ಮೊದಲು ಲೈಪೋಸೋಮಿನ ಒಳಗೆ ಅಮೋನಿಯಂ ಸಲ್ಫೇಟ್ ದ್ರಾವಣ ತುಂಬಿದರು. ಹೊರಗಿನ ದ್ರಾವಣದಲ್ಲಿರುವ ಡಾಕ್ಸೊರುಬಿಸಿನ್, ವಿದ್ಯುದಂಶವಿಲ್ಲದ ರೂಪದಲ್ಲಿ ಗೋಡೆಯನ್ನು ದಾಟಿ ಒಳಗೆ ಬರುತ್ತದೆ. ಒಳಗಿನ ಆಮ್ಲತೆಯಿಂದ ಅದಕ್ಕೆ ವಿದ್ಯುದಂಶ ಬರುತ್ತದೆ. ಆಮೇಲೆ ಗೋಡೆಯನ್ನು ದಾಟಲಾರದು. ಸಲ್ಫೇಟಿನೊಡನೆ ಕೂಡಿ ಅದು ಘನವಾಗುತ್ತದೆ. ಮಲೆನಾಡಿನವರು ಮೀನಿಗೆ ಇಡುವ ಬಿದಿರಿನ ಕೂಣಿಯಂತೆ ಒಳಗೆ ಬರುವ ದಾರಿ ಉಂಟು, ಹೊರಗೆ ಹೋಗುವ ದಾರಿ ಇಲ್ಲ. ಒಂದೊಂದು ಲೈಪೋಸೋಮಿನಲ್ಲಿ ಹೀಗೆ ಹತ್ತು ಸಾವಿರಕ್ಕೂ ಹೆಚ್ಚು ಅಣುಗಳು ಸೇರುತ್ತವೆ. ಸ್ವಾರಸ್ಯ ನೋಡಿ: ಕರಗದಿರುವುದು ಈವರೆಗೆ ದೋಷವಾಗಿತ್ತು. ಇಲ್ಲಿ ಕರಗುವ ಔಷಧವನ್ನೇ ಕರಗದಂತೆ ಮಾಡಿ, ಅದು ದಾರಿಯಲ್ಲಿ ಸೋರದಂತೆ ನೋಡಿಕೊಂಡರು.

ಇನ್ನು ದಾರಿಯ ಮಾತು. ರಕ್ತದಲ್ಲಿ ಅಪರಿಚಿತ ಕಣಗಳನ್ನು ಕಂಡರೆ ಯಕೃತ್ತು ಮತ್ತು ಗುಲ್ಮದಲ್ಲಿರುವ ಕಾವಲು ಜೀವಕೋಶಗಳು ಹಿಡಿದು ನುಂಗುತ್ತವೆ. ಮೊದಮೊದಲ ಲೈಪೋಸೋಮುಗಳು ಹೀಗೆ ಬೇಗನೆ ಕಣ್ಮರೆಯಾಗುತ್ತಿದ್ದವು. ಆಗ ಅವುಗಳ ಮೈಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ನೀರುಪ್ರಿಯ ಎಳೆಗಳನ್ನು ಕೂದಲಿನಂತೆ ನೆಟ್ಟರು. ಎಳೆಗಳ ಸುತ್ತ ನೀರಿನ ಹೊದಿಕೆ ನಿಲ್ಲುವುದರಿಂದ ಕಾವಲುಗಾರರಿಗೆ ಬೇಗ ಗುರುತು ಸಿಗದು. ಬರೀ ಡಾಕ್ಸೊರುಬಿಸಿನ್ ರಕ್ತದಿಂದ ನಿಮಿಷಗಳಲ್ಲಿ ಅಂಗಾಂಗಗಳಿಗೆ ಚದುರಿದರೆ, ಈ ಹೊದಿಕೆಯ ಲೈಪೋಸೋಮ್ ಎರಡು ಮೂರು ದಿನ ರಕ್ತದಲ್ಲಿ ತಿರುಗಾಡುತ್ತದೆ. ಇದಕ್ಕೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಂಥ ನ್ಯಾನೋ ಔಷಧಗಳಲ್ಲಿ ಅಲ್ಲಿ ಅನುಮತಿ ಪಡೆದ ಮೊದಲನೆಯದು ಇದೆಂದು ಹೇಳುವುದುಂಟು.

ಹೆಚ್ಚು ಹೊತ್ತು ತಿರುಗಾಡುವುದರಿಂದ ಲಾಭವೇನು? ಅವಸರದಲ್ಲಿ ಬೆಳೆಯುವ ಕ್ಯಾನ್ಸರ್ ಗಡ್ಡೆಯ ರಕ್ತನಾಳಗಳು ಅವಸರದ ಕಾಮಗಾರಿಯಂತೆ ಅಲ್ಲಲ್ಲಿ ಬಿರುಕು ಬಿಟ್ಟಿರುತ್ತವೆ. ಆರೋಗ್ಯವಂತ ರಕ್ತನಾಳದಿಂದ ಹೊರಬರಲಾಗದ ಲೈಪೋಸೋಮ್ ಈ ಬಿರುಕುಗಳಿಂದ ನುಸುಳಿ ಗಡ್ಡೆಯೊಳಗೆ ತಂಗುತ್ತದೆ. ಜಪಾನಿನ ಮಾತ್ಸುಮುರ ಮತ್ತು ಮಾಯೆದ 1986ರಲ್ಲಿ ಇದನ್ನು ವಿವರಿಸಿದರು.

ಆದರೆ ‘ಲೈಪೋಸೋಮ್ ನೇರವಾಗಿ ಕ್ಯಾನ್ಸರನ್ನೇ ಹುಡುಕಿಕೊಂಡು ಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಪ್ರಾಣಿಗಳ ಮೇಲೆ ಹತ್ತು ವರ್ಷಗಳಲ್ಲಿ ನಡೆದ ನ್ಯಾನೋ ಕಣಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಒಂದು ವಿಮರ್ಶೆ ಪ್ರಕಟವಾಯಿತು. ಕೊಟ್ಟ ಪ್ರಮಾಣದಲ್ಲಿ ಗಡ್ಡೆಯನ್ನು ತಲುಪಿದ ಪಾಲಿನ ಮಧ್ಯಾಂಕ ಶೇಕಡ 0.7 ಮಾತ್ರ! ಮನುಷ್ಯರ ಗಡ್ಡೆಗಳಲ್ಲಿ ಈ ಬಿರುಕುಗಳು ರೋಗಿಯಿಂದ ರೋಗಿಗೆ ಬೇರೆ ಬೇರೆ. ಲೈಪೋಸೋಮ್ ಗುರಿಯಿಟ್ಟ ಬಾಣವಲ್ಲ; ಹಾದಿಯಲ್ಲಿ ಸರಕು ಚೆಲ್ಲದೆ ಒಯ್ಯುವ ಗಾಡಿ.

ಹಾಗಾದರೆ ರೋಗಿಗೆ ಸಿಕ್ಕಿದ್ದೇನು? 2004ರಲ್ಲಿ ಪ್ರಕಟವಾದ, ಹರಡಿದ ಸ್ತನ ಕ್ಯಾನ್ಸರಿನ ಒಂದು ದೊಡ್ಡ ಪರೀಕ್ಷೆಯಲ್ಲಿ ಲೈಪೋಸೋಮಿನೊಳಗಿನ ಡಾಕ್ಸೊರುಬಿಸಿನ್ ಬರೀ ಡಾಕ್ಸೊರುಬಿಸಿನ್‌ನಷ್ಟೇ ಕೆಲಸ ಮಾಡಿತು, ಹೆಚ್ಚಲ್ಲ. ಆದರೆ ಹೃದಯಕ್ಕಾಗುವ ಹಾನಿ ಬಹಳ ಕಡಿಮೆಯಾಯಿತು. ಹೃದಯದ ರಕ್ತನಾಳಗಳಲ್ಲಿ ಬಿರುಕಿಲ್ಲದ್ದರಿಂದ ಲೈಪೋಸೋಮ್ ಅಲ್ಲಿಗೆ ಇಳಿಯದು. ಬದಲಿಗೆ ಅಂಗೈ ಅಂಗಾಲುಗಳು ಕೆಂಪಾಗಿ, ಉರಿದು, ಸಿಪ್ಪೆ ಸುಲಿಯುವ ತೊಂದರೆ ಹೆಚ್ಚಾಯಿತು. ಔಷಧ ಅದೇ, ವಾಹನ ಬದಲಾದಾಗ ನೋವಿನ ಜಾಗವೂ ಬದಲಾಯಿತು.

ಈಗ ಮತ್ತೆ ಕ್ಯಾಂಪ್ಟೊತೆಸಿನ್ ಏನಾಯಿತೆಂದು ನೋಡೋಣ. 1985ರಲ್ಲಿ ಅದರ ಕೆಲಸದ ಗುಟ್ಟು ತಿಳಿಯಿತು. ಡಿಎನ್‌ಎ ಹಗ್ಗದ ಹುರಿ ಬಿಚ್ಚಲು ನೆರವಾಗುವ ಒಂದು ಕಿಣ್ವವನ್ನು ಅದು ನಡುವೆಯೇ ತಡೆದು ನಿಲ್ಲಿಸುತ್ತದೆ. ಜಪಾನಿನ ಯಾಕುಲ್ಟ್ ಸಂಸ್ಥೆಯ ವಿಜ್ಞಾನಿಗಳು ಆ ಅಣುವಿಗೆ ನೀರುಪ್ರಿಯ ಬಾಲವೊಂದನ್ನು ಜೋಡಿಸಿ ಇರಿನೊಟೆಕಾನ್ ಎಂಬ ಕರಗುವ ಔಷಧ ಮಾಡಿದರು. 1994ರಲ್ಲಿ ಜಪಾನಿನಲ್ಲಿ ಅದು ಬಳಕೆಗೆ ಬಂತು. ಆದರೂ ರಕ್ತದಲ್ಲಿ ಆ ಹಳೆಯ ಉಂಗುರ ಬಿಚ್ಚಿಕೊಳ್ಳುವ ತೊಂದರೆ ಇದ್ದೇ ಇತ್ತು. ಸಕ್ಕರೆಯ ಅಣುವಿಗೆ ಎಂಟು ಸಲ್ಫೇಟ್ ಗುಂಪು ಜೋಡಿಸಿದ ವಸ್ತುವನ್ನು ಲೈಪೋಸೋಮಿನ ಒಳಗಿಟ್ಟು, ಇರಿನೊಟೆಕಾನನ್ನು ಸೆರೆಹಿಡಿದರು. ಒಳಗೆ ಉಂಗುರ ಭದ್ರ. 2015ರಲ್ಲಿ ಅಮೆರಿಕದಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಇದು ಒಪ್ಪಿಗೆ ಪಡೆಯಿತು. ಮೊದಲ ಚಿಕಿತ್ಸೆ ಫಲಿಸದ ರೋಗಿಗಳಲ್ಲಿ, ಇನ್ನೊಂದು ಔಷಧದ ಜೊತೆ ಇದನ್ನೂ ಕೊಟ್ಟಾಗ ಬದುಕುಳಿದ ಅವಧಿಯ ಮಧ್ಯಾಂಕ 4.2 ತಿಂಗಳಿಂದ 6.1 ತಿಂಗಳಿಗೆ ಏರಿತು. ಐವತ್ತು ವರ್ಷಗಳ ಶ್ರಮಕ್ಕೆ ಎರಡು ತಿಂಗಳೇ ಎಂದು ನಿಮಗೆ ಅನಿಸಬಹುದು. ಆ ರೋಗ ಎಷ್ಟು ಕ್ರೂರವೆಂದು ಬಲ್ಲ ಮನೆಯವರು ಎರಡು ತಿಂಗಳನ್ನು ಹಾಗೆ ತೂಗುವುದಿಲ್ಲ. ಆದರೂ ಪವಾಡವೆಂಬ ಮಾತು ಇಲ್ಲಿ ಸಲ್ಲದು.

ಲೈಪೋಸೋಮ್ ಗೋಡೆ ನಿಜಕ್ಕೂ ದೊಡ್ಡ ಗೆಲುವು ಕಂಡದ್ದು ಕ್ಯಾನ್ಸರಿನ ನೆರೆಯ ಕ್ಷೇತ್ರದಲ್ಲಿ. ಆಂಫೊಟೆರಿಸಿನ್-ಬಿ ಎಂಬ ಶಿಲೀಂಧ್ರನಾಶಕ ನೀರಿನಲ್ಲಿ ಕರಗದು. ಹಳೆಯ ರೂಪದಲ್ಲಿ ಅದು ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತು. ರೋಗನಿರೋಧಕ ಶಕ್ತಿ ಕುಗ್ಗಿದ ಕ್ಯಾನ್ಸರ್ ರೋಗಿಗಳಿಗೂ ಇದು ಆಗಾಗ ಬೇಕಾಗುತ್ತದೆ. 1990ರಿಂದ ಯೂರೋಪಿನಲ್ಲಿ ಅದರ ಲೈಪೋಸೋಮ್ ರೂಪ ದೊರೆಯತೊಡಗಿತು. ಬಿಹಾರದ ಕಾಲಾ ಅಜಾರ್ ರೋಗಿಗಳಿಗೆ ಇದನ್ನು ಒಂದೇ ಒಂದು ಸಲ ಕೊಟ್ಟಾಗ ಶೇಕಡ 95ಕ್ಕೂ ಹೆಚ್ಚು ಮಂದಿ ಗುಣವಾದರೆಂದು 2010ರಲ್ಲಿ ವರದಿಯಾಯಿತು. ಹಳೆಯ ರೂಪದಲ್ಲಿ ಅಷ್ಟೇ ಫಲ ಪಡೆಯಲು ಒಂದು ತಿಂಗಳ ಕಾಲ ಆಸ್ಪತ್ರೆಯಲ್ಲಿದ್ದು ಹದಿನೈದು ಸಲ ಮದ್ದು ಹಾಕಿಸಿಕೊಳ್ಳಬೇಕಿತ್ತು. 2021ರ ಬೇಸಗೆಯಲ್ಲಿ ಕೋವಿಡ್ ಬೆನ್ನಿಗೆ ಕಪ್ಪು ಶಿಲೀಂಧ್ರ ರೋಗ ಬಂದಾಗ ಕರ್ನಾಟಕದ ಊರೂರುಗಳಲ್ಲಿ ಮನೆಯವರು ಈ ಮದ್ದಿಗಾಗಿ ಅಲೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಲೈಪೋಸೋಮನ್ನು ದಿಢೀರನೆ ಹೆಚ್ಚು ತಯಾರಿಸಲಾಗದು. ಅಳತೆ, ಗೋಡೆ, ಒಳಗಿನ ಔಷಧ ಎಲ್ಲವೂ ಪ್ರತಿ ಬಾರಿ ಒಂದೇ ಸಮ ಇರಬೇಕು, ರೋಗಾಣುಗಳಿಂದ ಮುಕ್ತವಾಗಿರಬೇಕು. ಅಮೆರಿಕಕ್ಕೂ ಇದರ ಬಿಸಿ ತಟ್ಟಿದೆ. 2011ರಲ್ಲಿ ಲೈಪೋಸೋಮ್ ಡಾಕ್ಸೊರುಬಿಸಿನ್‌ಗೆ ಅಲ್ಲಿ ಕೊರತೆಯಾದಾಗ, 2012ರಲ್ಲಿ ಭಾರತದ ಸನ್ ಫಾರ್ಮಾ ಸಂಸ್ಥೆಯ ಔಷಧವನ್ನು ತರಿಸಿಕೊಳ್ಳಲು ಅಲ್ಲಿನ ಸರಕಾರ ಅನುಮತಿ ಕೊಟ್ಟಿತು.

ಇಲ್ಲಿ ಎರಡು ಎಚ್ಚರಿಕೆಯ ಮಾತು ಹೇಳಬೇಕು. ಮೊದಲನೆಯದು, ಒಂದೇ ಔಷಧದ ಸಾಮಾನ್ಯ ರೂಪ ಮತ್ತು ಲೈಪೋಸೋಮ್ ರೂಪಗಳ ಪ್ರಮಾಣ ಬೇರೆ ಬೇರೆ. ಒಂದರ ಬದಲು ಇನ್ನೊಂದನ್ನು ಕೊಡುವಂತಿಲ್ಲ. ಎರಡನೆಯದು, ಈಗ ಅಂಗಡಿಗಳಲ್ಲಿ ವಿಟಮಿನ್, ಅರಿಶಿನ ಎಲ್ಲವೂ ‘ಲೈಪೋಸೋಮ್’ ಹೆಸರಿನಲ್ಲಿ ಮಾರಾಟಕ್ಕಿವೆ. ಹೆಸರು ಒಂದೇ ಆದ ಮಾತ್ರಕ್ಕೆ ಅವು ರೋಗಿಗಳ ಮೇಲೆ ಪರೀಕ್ಷೆಗೊಳಗಾದ ಔಷಧಗಳಾಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಿದ್ದರೆ ಜಾಹೀರಾತನ್ನಲ್ಲ, ವೈದ್ಯರನ್ನು ಕೇಳಿ.

ಮಿತ್ರರೇ, ಔಷಧ ಕಂಡುಹಿಡಿಯುವುದೆಂದರೆ ಅಣುವನ್ನು ಕಂಡುಹಿಡಿಯುವುದು ಎಂದು ನಾವು ಭಾವಿಸುತ್ತೇವೆ. ಅದು ಅರ್ಧ ಕೆಲಸ. ಅದನ್ನು ರೋಗಿಯ ಮೈಯೊಳಗೆ, ಬೇಕಾದ ಜಾಗಕ್ಕೆ, ಆದಷ್ಟು ಕಡಿಮೆ ನೋವಿನಲ್ಲಿ ತಲುಪಿಸುವುದು ಇನ್ನರ್ಧ. ಅದಕ್ಕೆ ಸಸ್ಯಶಾಸ್ತ್ರ ಬೇಕು, ರಸಾಯನ ವಿಜ್ಞಾನ ಬೇಕು, ಭೌತವಿಜ್ಞಾನ ಬೇಕು, ವೈದ್ಯಕೀಯ ಬೇಕು. ಪಠ್ಯಪುಸ್ತಕದಲ್ಲಿ ಇವು ಬೇರೆ ಬೇರೆ ಅಧ್ಯಾಯಗಳು, ರೋಗಿಯ ಹಾಸಿಗೆಯ ಬಳಿ ಇವೆಲ್ಲ ಒಂದೇ.

ಮಾಡಬೇಕಾದ ಕೆಲಸ ಇನ್ನೂ ಬೆಟ್ಟದಷ್ಟಿದೆ. ತೆಳು ಗೋಡೆಯಲ್ಲಿ ಹೆಚ್ಚು ಔಷಧ ನಿಲ್ಲಿಸುವುದು ಹೇಗೆ? ಗಡ್ಡೆಯನ್ನು ತಲುಪುವ ಪಾಲನ್ನು ಹೆಚ್ಚಿಸುವುದು ಹೇಗೆ? ಬಡವರಿಗೂ ಎಟುಕುವ ಬೆಲೆಯಲ್ಲಿ ತಯಾರಿಸುವುದು ಹೇಗೆ? ಬೇಡಿಕೆ ಹೆಚ್ಚಿ ಕಡಿತಕ್ಕೆ ಒಳಗಾಗಿರುವ ನಮ್ಮ ದುರ್ವಾಸನೆ ಮರವನ್ನು ಉಳಿಸಿಕೊಳ್ಳುವುದು ಹೇಗೆ? ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಘಟ್ಟದ ಯಾವ ಭಾಗದ ಮರಗಳಲ್ಲಿ ಈ ಅಣು ಹೆಚ್ಚಿದೆಯೆಂದು ಅಲೆದು ಅಧ್ಯಯನ ಮಾಡಿದ್ದಾರೆ. ಅವರ ಕೆಲಸವನ್ನು ಮುಂದುವರಿಸುವವರು ಬೇಕು. ಈ ಪ್ರಶ್ನೆಗಳಲ್ಲಿ ಒಂದನ್ನಾದರೂ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಅಧ್ಯಾಪಕರೊಡನೆ ಚರ್ಚಿಸಿ. ಉತ್ತರ ಹುಡುಕಲು ಇನ್ನೂ ಹತ್ತಾರು ವರ್ಷ ಹಿಡಿದರೂ, ಕಾಯುತ್ತಿರುವವರು ಇದ್ದಾರೆ.